ಮಾದಕವಸ್ತು ಬಳಕೆಯ ತಪಾಸಣೆ ಮತ್ತು ಆರಂಭಿಕ ನೆರವು (ಕರ್ನಾಟಕ)

ಬೇರೆ ಕಾಯಿಲೆಗೆಂದು ಆಸ್ಪತ್ರೆಗೆ ಬಂದವರನ್ನು ಮದ್ಯ, ತಂಬಾಕು, ಗಾಂಜಾ ಮೊದಲಾದವುಗಳ ಬಳಕೆಯ ಬಗ್ಗೆ ಕ್ರಮವಾಗಿ ವಿಚಾರಿಸಿ, ಚಟ ಬಲಿಯುವ ಮೊದಲೇ ಸಲಹೆ ಕೊಡುವ ಪದ್ಧತಿ. ಕರ್ನಾಟಕದಲ್ಲಿ ಇದು ಮಾನಸಿಕ ಆಸ್ಪತ್ರೆಯಿಂದ ಹೊರಟು, ತಾಲ್ಲೂಕು ಆಸ್ಪತ್ರೆಗಳನ್ನು ಹಾದು, ಮನೆಬಾಗಿಲಿನವರೆಗೆ ನಿಧಾನವಾಗಿ ಬಂದಿದೆ.

ಹಿನ್ನೆಲೆ

ಮದ್ಯವ್ಯಸನಿಗಳು ದೇಹ ಹದಗೆಟ್ಟ ಮೇಲೆ ಇಲ್ಲವೇ ಮನೆಯವರು ಸೋತು ಕರೆತಂದಾಗ ಮಾತ್ರ ವೈದ್ಯರೆದುರು ಕೂರುವುದು ಬಹುಕಾಲದ ರೂಢಿ. 1974ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ನಿಮ್ಹಾನ್ಸ್ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಪ್ರಯೋಗಗಳನ್ನು ನಡೆಸಿತು. 1985ರ ಬಳ್ಳಾರಿ ಜಿಲ್ಲಾ ಯೋಜನೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಸಿಕ್ಕಿತಾದರೂ ಹೆಚ್ಚಿನ ಗಮನವಿದ್ದದ್ದು ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಮೇಲೆ. ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿ ಘಟಕ 1991ರಲ್ಲಿ ಆರಂಭವಾಯಿತು.

ಪ್ರಶ್ನಾವಳಿಗಳು

ವಿಶ್ವ ಆರೋಗ್ಯ ಸಂಸ್ಥೆ ಆರು ದೇಶಗಳ ಅಧ್ಯಯನದಿಂದ ರೂಪಿಸಿದ, ಮದ್ಯಪಾನ ಕುರಿತ ‘ಆಡಿಟ್’ ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆಗಳಿದ್ದು, ಗರಿಷ್ಠ ಅಂಕ 40. ಎಂಟಕ್ಕಿಂತ ಕಡಿಮೆ ಬಂದರೆ ತಿಳಿವಳಿಕೆ ಸಾಕು. 8ರಿಂದ 15 ಬಂದರೆ ಸರಳ ಸಲಹೆ. 16ರಿಂದ 19 ಬಂದರೆ ಕಿರು ಆಪ್ತಸಮಾಲೋಚನೆ. 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಜ್ಞರ ಬಳಿ ಕಳುಹಿಸಬೇಕು. ತಂಬಾಕು, ಗಾಂಜಾ, ಅಫೀಮು ಮುಂತಾದವುಗಳನ್ನೂ ಒಳಗೊಳ್ಳುವ ‘ಅಸಿಸ್ಟ್’ ನಂತರ ಬಂದಿತು. ಅದನ್ನು ಪರೀಕ್ಷಿಸಿದ ದೇಶಗಳಲ್ಲಿ ಭಾರತವೂ ಒಂದು.

ತಂಬಾಕು ಬಿಡಿಸಲು 2002ರಲ್ಲಿ ದೇಶದಲ್ಲಿ ತೆರೆದ 13 ಚಿಕಿತ್ಸಾಲಯಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯವೂ ಸೇರಿದ್ದವು. ನೆರೆಯ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಧ್ಯಯನ, ತರಬೇತಿ ಪಡೆದ ಸಾಮಾನ್ಯ ಜನರೂ ಮದ್ಯಪಾನಿಗಳಿಗೆ ಕಿರು ಸಮಾಲೋಚನೆಯನ್ನು ಪರಿಣಾಮಕಾರಿಯಾಗಿ ನಡೆಸಬಲ್ಲರೆಂದು ತೋರಿಸಿತು. ತಜ್ಞರ ಕೊರತೆಯಿರುವ ಜಿಲ್ಲೆಗಳಿಗೆ ಇದು ಮುಖ್ಯ ಸಂಗತಿ.

ತಾಲ್ಲೂಕಿನಿಂದ ಮನೆಗೆ

ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮ ಮನೋವೈದ್ಯರನ್ನು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಕರೆತಂದಿತು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ (14416) ಮಾನಸಿಕ ಆರೋಗ್ಯ ಸಹಾಯವಾಣಿಗೆ ನಿಮ್ಹಾನ್ಸ್ ರಾಷ್ಟ್ರೀಯ ಕೇಂದ್ರ.

ಮೈಸೂರಿನ ಪಶ್ಚಿಮ ಅಂಚಿನ ಬೋಗಾದಿಯಂಥ, ಹಳ್ಳಿ ನಗರವಾಗುತ್ತಿರುವ ಕಡೆಗಳಲ್ಲಿ ತಪಾಸಣೆಯ ಮೊದಲ ಮೆಟ್ಟಿಲು ಆಶಾ ಕಾರ್ಯಕರ್ತೆಯರು ಬಳಸುವ ನಮೂನೆ. ಮಧುಮೇಹ, ರಕ್ತದೊತ್ತಡದಂಥ ರೋಗಗಳ ಪತ್ತೆಗೆಂದು 30 ವರ್ಷ ಮೇಲ್ಪಟ್ಟವರಿಗಾಗಿ ಸಿದ್ಧಪಡಿಸಿದ ಈ ರಾಷ್ಟ್ರೀಯ ನಮೂನೆಯಲ್ಲಿ ತಂಬಾಕು ಮತ್ತು ಮದ್ಯದ ಪ್ರಶ್ನೆಗಳೂ ಇವೆ.

ಮಿತಿಗಳು

ಆ ನಮೂನೆ ಕೇಳುವುದು ದಿನವೂ ಕುಡಿಯುವಿರಾ ಎಂದು. ಶನಿವಾರ ಮಾತ್ರ ಮಿತಿಮೀರಿ ಕುಡಿಯುವವರು ‘ಇಲ್ಲ’ ಎಂದರೂ ಸುಳ್ಳಾಗದು. ‘ಆಡಿಟ್’ ಎಷ್ಟು ಸಲ, ಎಷ್ಟು ಪ್ರಮಾಣ, ಒಮ್ಮೆಲೇ ಅತಿಯಾಗಿ ಕುಡಿಯುವುದುಂಟೇ ಎಂದು ಬೇರೆಬೇರೆಯಾಗಿ ಕೇಳುವುದು ಇದಕ್ಕಾಗಿಯೇ. ಮೂವತ್ತು ತುಂಬದ ಯುವಕರಂತೂ ನಮೂನೆಯ ಹೊರಗೇ ಉಳಿಯುತ್ತಾರೆ. ಪತ್ತೆಯಾದ ಮೇಲೂ ಚಿಕಿತ್ಸೆ ದೂರ: ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು.