ಜಮೈಕಾ: ನಗರೀಕರಣದ ಸಮಸ್ಯೆಗಳು

ಕೆರಿಬಿಯನ್ ದ್ವೀಪರಾಷ್ಟ್ರವಾದ ಜಮೈಕಾದಲ್ಲಿ ನಗರೀಕರಣದ ಒತ್ತಡ ಹೆಚ್ಚಾಗಿ ಕಾಣುವುದು ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ. 1692ರ ಭೂಕಂಪದಲ್ಲಿ ಹತ್ತಿರದ ಪೋರ್ಟ್ ರಾಯಲ್ ಪಟ್ಟಣ ನಾಶವಾದ ಬಳಿಕ ಬೆಳೆದ ಈ ಬಂದರು 1872ರಲ್ಲಿ ರಾಜಧಾನಿಯಾಯಿತು.

ವಲಸೆ: ಪ್ಲಾಂಟೇಶನ್ ವ್ಯವಸ್ಥೆಯಲ್ಲಿ ಫಲವತ್ತಾದ ಭೂಮಿ ದೊಡ್ಡ ಒಡೆಯರ ಕೈಯಲ್ಲಿತ್ತು. ಕಬ್ಬಿನ ಕೆಲಸ ವರ್ಷವಿಡೀ ಸಿಗುತ್ತಿರಲಿಲ್ಲ. 1950ರ ದಶಕದಿಂದ ಬಾಕ್ಸೈಟ್ ಕಂಪನಿಗಳೂ ಅಪಾರ ಭೂಮಿ ಕೊಂಡವು; ಆದರೆ ಯಂತ್ರಪ್ರಧಾನವಾದ ಈ ಉದ್ಯಮ ಕೊಟ್ಟ ಕೆಲಸ ಕಡಿಮೆ. ಹಳ್ಳಿಗರು ನಗರಕ್ಕೆ ಬಂದರು. ಅವರಿಗೆ ಸಾಕಾಗುವಷ್ಟು ಉದ್ಯೋಗ ಅಲ್ಲಿರಲಿಲ್ಲ. ಬೀದಿ ವ್ಯಾಪಾರ, ಮನೆಗೆಲಸ, ದಿನಗೂಲಿಯೇ ಹಲವರಿಗೆ ಆಸರೆಯಾಯಿತು.

ವಸತಿ ಮತ್ತು ಹಿಂಸೆ: ಪಶ್ಚಿಮ ಕಿಂಗ್‌ಸ್ಟನ್ನಿನಲ್ಲಿ ಕೊಳೆಗೇರಿಗಳು ಹಬ್ಬಿದವು. 1960ರ ದಶಕದಲ್ಲಿ ‘ಬ್ಯಾಕ್-ಓ-ವಾಲ್’ ಕೊಳೆಗೇರಿಯನ್ನು ನೆಲಸಮಗೊಳಿಸಿ ಟಿವೋಲಿ ಗಾರ್ಡನ್ಸ್ ಬಡಾವಣೆ ಕಟ್ಟಲಾಯಿತು. ಮನೆ, ಕೆಲಸಗಳನ್ನು ಪಕ್ಷನಿಷ್ಠೆಯ ಮೇಲೆ ಹಂಚಿದ್ದರಿಂದ, ಒಂದೇ ಪಕ್ಷದ ಹಿಡಿತದ ‘ಗ್ಯಾರಿಸನ್’ ಕೇರಿಗಳು ಹುಟ್ಟಿಕೊಂಡವು. 1980ರ ಚುನಾವಣಾ ವರ್ಷದ ಹಿಂಸೆಗೆ ನೂರಾರು ಜನ ಬಲಿಯಾದರು. ಬಡಕೇರಿಯ ವಿಳಾಸವೇ ಯುವಜನರಿಗೆ ಕೆಲಸ ತಪ್ಪಿಸುವುದು ಕೇರಿಗಳ ಈ ವಿಭಜನೆಯ ಅತಿ ದೊಡ್ಡ ಅನ್ಯಾಯ.

ಪರಿಹಾರ ಯತ್ನಗಳು: ಬಂದರಿನಾಚೆ ಪೋರ್ಟ್‌ಮೋರ್ ಉಪನಗರ ಬೆಳೆಯಿತು. ನೌಕರರ ಮತ್ತು ಮಾಲೀಕರ ವಂತಿಗೆಯಿಂದ ಗೃಹಸಾಲ ನೀಡುವ ರಾಷ್ಟ್ರೀಯ ವಸತಿ ನಿಧಿ 1976ರಲ್ಲಿ ಸ್ಥಾಪನೆಯಾಯಿತು. ಆದರೂ ಸ್ಥಿರ ಆದಾಯವಿಲ್ಲದವರಿಗೆ ಸ್ವಂತ ಮನೆ ಇಂದಿಗೂ ದೂರವೇ ಉಳಿದಿದೆ.