ಗಂಜಿ ಎಷ್ಟು ಗಟ್ಟಿ: ಕೊಂಗುನಾಡಿನಲ್ಲಿ ಹೊಟ್ಟೆ ಕೆಟ್ಟ ಕೂಸಿನ ಊಟದ ಚರಿತ್ರೆ

ಬೇಧಿ ಹತ್ತಿದ ಕೂಸಿಗೆ ಏನು ಉಣಿಸಬೇಕು ಎಂಬುದರ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಒಂದೇ ಧಾಟಿ ಹಿಡಿಯುತ್ತಾರೆ. ಹಿಂದೆ ಅಜ್ಜಿಯರು ಮಗುವನ್ನು ಉಪವಾಸ ಕೆಡವುತ್ತಿದ್ದರು, ಆಮೇಲೆ ಡಾಕ್ಟರುಗಳು ಬಂದು ಉಣಿಸುವುದನ್ನು ಕಲಿಸಿದರು ಎಂಬುದು ಅದರ ಸಾರ. ಕೊಂಗುನಾಡಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಮಟ್ಟಿಗೆ ಈ ಕಥೆಯಲ್ಲಿ ಅರ್ಧ ಮಾತ್ರ ನಿಜ. ಇಲ್ಲಿನ ಅಡುಗೆಮನೆ ಕಾಯಿಲೆಯ ಕೂಸಿನ ಬಾಯಿ ಕಟ್ಟಿದ್ದಕ್ಕಿಂತ ಅದರ ಗಂಜಿಗೆ ನೀರು ಹೊಯ್ದದ್ದೇ ಹೆಚ್ಚು. ಆ ನೀರು ಜೀವ ಉಳಿಸಿತು, ಅದೇ ನೀರು ಮೈ ಇಳಿಸಿತು. ಈ ಎರಡೂ ಒಂದೇ ಬಟ್ಟಲಿನಲ್ಲಿ ನಡೆದವು ಎಂಬುದನ್ನು ಗಮನಿಸದೆ ಹೋದರೆ, ಆಮೇಲಿನ ಸುಧಾರಣೆ ಎಲ್ಲಿ ಗೆದ್ದಿತು, ಎಲ್ಲಿ ಅರ್ಧಕ್ಕೆ ನಿಂತಿತು ಎಂಬುದು ತಿಳಿಯುವುದಿಲ್ಲ.

ಮೊದಲು ನೆಲದ ಮಾತು. ಪಶ್ಚಿಮ ಘಟ್ಟದ ಮಳೆನೆರಳಿನ ಈ ಸೀಮೆಯಲ್ಲಿ ಭತ್ತ ನೊಯ್ಯಲ್, ಭವಾನಿ, ಅಮರಾವತಿ ನದಿಗಳ ನೀರಾವರಿಗೆ ಸೇರಿದ ಬೆಳೆ. ಉಳಿದ ಹೊಲಗಳದ್ದು ಜೋಳ, ಕಂಬು (ಸಜ್ಜೆ), ರಾಗಿ. 1800ರಲ್ಲಿ ಮೈಸೂರಿನಿಂದ ಹೊರಟು ಈ ಭಾಗವನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಊರೂರಿನ ಒಣಬೇಸಾಯವನ್ನು ಬರೆದಿಟ್ಟಿದ್ದಾನೆ, 1887ರಲ್ಲಿ ಎಫ್. ಎ. ನಿಕಲ್ಸನ್ ಕೊಯಮತ್ತೂರು ಜಿಲ್ಲೆಯ ಕೈಪಿಡಿಯನ್ನು ಸಿದ್ಧಪಡಿಸಿದ. ಆಗಿನ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. ಕೊಳ್ಳೇಗಾಲ 1956ರವರೆಗೂ ಅದರೊಳಗಿತ್ತು, ತಿರುಪ್ಪೂರು ಬೇರೆ ಜಿಲ್ಲೆಯಾದದ್ದು 2009ರಲ್ಲಿ. ಕನ್ನಡ ಮನೆಮಾತಿನ ದೇವಾಂಗ ನೇಕಾರರು, ಒಕ್ಕಲಿಗರು ತಲೆಮಾರುಗಳಿಂದ ಇಲ್ಲಿ ಬಾಳುತ್ತಿದ್ದಾರೆ. ಹೀಗಾಗಿ ಮೈಸೂರು ಸೀಮೆಯ ರಾಗಿ ಸರಿಗೂ ಕೊಂಗುನಾಡಿನ ಕೇಳ್ವರಗು (ರಾಗಿ) ಕೂಳಿಗೂ ನಡುವೆ ಗಡಿ ಎಳೆಯುವುದು ಕಷ್ಟ. ಆದರೆ ಹುಷಾರಿಲ್ಲದವರಿಗೆ ಅಕ್ಕಿಯ ಗಂಜಿಯೇ ಹಗುರ ಎಂಬ ನಂಬಿಕೆ ಎರಡೂ ಕಡೆ ಬಲವಾಗಿತ್ತು. ರಾಗಿ ತಿಂದು ಬದುಕುವ ಮನೆಯಲ್ಲಿ ಅಕ್ಕಿ ಕೊಂಡು ತರಬೇಕಾದ ಧಾನ್ಯ. ಕೊಂಡು ತಂದದ್ದನ್ನು ಹಿಡಿಯಾಗಿ ಹಾಕಿ, ಚೆಂಬುಗಟ್ಟಲೆ ನೀರಿನಲ್ಲಿ ಕುದಿಸಿ, ಬಸಿದ ತಿಳಿಯನ್ನಷ್ಟೇ ಕೂಸಿಗೆ ಕುಡಿಸುವುದರಲ್ಲಿ ವೈದ್ಯದಷ್ಟೇ ಬಡತನದ ಲೆಕ್ಕವೂ ಇತ್ತೆಂದು ನನ್ನ ಊಹೆ.

ಶಾಸ್ತ್ರ ಈ ತಿಳಿಯನ್ನು ಎಲ್ಲಿಗೆ ಒಯ್ಯಬೇಕೆಂದಿತ್ತು? ಆಯುರ್ವೇದದಲ್ಲಿ ಅತಿಸಾರಕ್ಕೆ ಲಂಘನ, ಅಂದರೆ ಉಪವಾಸ, ಉಂಟು, ನಿಜ. ಆದರೆ ಅದು ಮೊದಲ ಮೆಟ್ಟಿಲು. ಅಗುಳಿಲ್ಲದ ಮಂಡ, ಅಲ್ಲೊಂದು ಇಲ್ಲೊಂದು ಅಗುಳಿನ ಪೇಯ, ಅಗುಳೇ ಹೆಚ್ಚಾದ ವಿಲೇಪಿ ಎಂದು ಗಂಜಿ ಹಂತ ಹಂತವಾಗಿ ಗಟ್ಟಿಯಾಗುತ್ತಾ ಹೋಗಬೇಕು. ಹಾಲು ಕುಡಿಯುವ ಕೂಸಿನ ಚಿಕಿತ್ಸೆ ಹಾಲೂಡುವವಳ ಮೂಲಕ ನಡೆಯಬೇಕೆಂದು ಸುಶ್ರುತ ಹೇಳುತ್ತಾನೆ. ತಮಿಳಿನ ಬಾಲವಾಗಡ (ಮಕ್ಕಳ ವೈದ್ಯ) ಪರಂಪರೆಯ ಸಿದ್ಧವೈದ್ಯ ‘ಮಾಂದಂ’ ಎಂದು ಕರೆಯುವ ಹೊಟ್ಟೆಯ ತೊಂದರೆಗಳಲ್ಲೂ ತಾಯಿಹಾಲಿನ ದೋಷಕ್ಕೆ ಜಾಗವಿದೆ. ಮನೆಗಳಲ್ಲಿ ಉಳಿದದ್ದು ಈ ಎರಡರ ತುಂಡುಗಳು ಮಾತ್ರ. ಬಜೆ, ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿಗಳನ್ನು ಕಲ್ಲಿನ ಮೇಲೆ ಒಂದೊಂದು ಸುತ್ತು ತೇಯ್ದು ನೆಕ್ಕಿಸುವುದು ಉಳಿಯಿತು. ತಾಯಿಯ ಪಥ್ಯ ಉಳಿಯಿತು. ಕೂಸಿಗೆ ಬೇಧಿಯಾದರೆ ಊಟ ಕಳೆದುಕೊಂಡವಳು ಬಾಣಂತಿ! ಮಂಡ ಉಳಿಯಿತು, ಆದರೆ ವಿಲೇಪಿಗೆ ಏರುವ ಮೆಟ್ಟಿಲುಗಳು ಕಳಚಿಬಿದ್ದವು. ಒಂದು ದಿನಕ್ಕೆಂದು ಹೇಳಿದ ತಿಳಿ ವಾರಗಟ್ಟಲೆ ನಡೆಯಿತು.

ಅಜ್ಜಿಯರನ್ನು ತಿದ್ದಲು ಬಂದ ಪಾಶ್ಚಾತ್ಯ ವೈದ್ಯವೂ ಆಗ ಅದೇ ಹಾದಿಯಲ್ಲಿತ್ತು. 20ನೇ ಶತಮಾನದ ಮೊದಲರ್ಧದ ಆಸ್ಪತ್ರೆಗಳಲ್ಲಿ ಬೇಧಿಯ ಶಿಶುವಿನ ಕರುಳಿಗೆ ವಿಶ್ರಾಂತಿ ಕೊಡಬೇಕೆಂದು ಆಹಾರ ನಿಲ್ಲಿಸುವುದೇ ಪದ್ಧತಿ. 1948ರಲ್ಲಿ ಚುಂಗ್ ಮತ್ತು ವಿಸ್ಕೊರೋವಾ ಎಂಬ ವೈದ್ಯರು ಬೇಗನೆ ಉಣಿಸಿದ ಮತ್ತು ಉಪವಾಸವಿಟ್ಟ ಶಿಶುಗಳನ್ನು ಹೋಲಿಸಿ ಈ ಪದ್ಧತಿಯನ್ನು ಪ್ರಶ್ನಿಸಿದರು. ಉಣಿಸಿದಾಗ ಮಲ ಹೆಚ್ಚಾದರೂ ಮೈಗೆ ದಕ್ಕುವುದೂ ಹೆಚ್ಚು ಎಂಬ ತಿಳಿವಳಿಕೆ ಬೆಳೆದದ್ದು ಇಂಥ ಅಧ್ಯಯನಗಳಿಂದ. 1953ರಲ್ಲಿ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಕಾಲರಾಕ್ಕೆ ಬಾಯಿಂದಲೇ ಕುಡಿಸುವ ಉಪ್ಪು-ಗ್ಲೂಕೋಸ್ ನೀರಿನ ಪ್ರಯೋಗವನ್ನು ಪ್ರಕಟಿಸಿದರು. 1971ರಲ್ಲಿ ಬನ್‌ಗಾಂವ್‌ನಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ದಿಲೀಪ್ ಮಹಲನಬಿಸ್ ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದಾಗ, ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 3.6ಕ್ಕೆ ಇಳಿಯಿತು. ಗ್ಲೂಕೋಸ್ ಜೊತೆಗಿದ್ದರೆ ಕರುಳು ಸೋಡಿಯಂ ಅನ್ನೂ ಅದರ ಹಿಂದೆ ನೀರನ್ನೂ ಒಳಗೆಳೆದುಕೊಳ್ಳುತ್ತದೆ. ಬೆಂದ ಅಕ್ಕಿಯ ಗಂಜಿ ಹೊಟ್ಟೆಯಲ್ಲಿ ಗ್ಲೂಕೋಸ್ ಆಗಿಯೇ ಒಡೆಯುತ್ತದೆ. ಹಾಗಾಗಿ ಉಪ್ಪು ಹಾಕಿದ ತಿಳಿಗಂಜಿ ಈ ಉಪ್ಪು-ಗ್ಲೂಕೋಸ್ ನೀರಿನ, ಅಂದರೆ ಓಆರ್‌ಎಸ್‌ನ, ದೂರದ ನೆಂಟ. 1980ರ ದಶಕದಲ್ಲಿ ಢಾಕಾದ ಸಂಶೋಧಕರು ಅಕ್ಕಿಹಿಟ್ಟಿನಿಂದಲೇ ಅಂಥ ದ್ರಾವಣ ಮಾಡಿ ಪರೀಕ್ಷಿಸಿದ್ದಾರೆ. ತಿಳಿಯ ಪರವಾಗಿ ಹೇಳಬಹುದಾದದ್ದು ಇಷ್ಟು.

ವಿರುದ್ಧವಾಗಿ ಹೇಳಬೇಕಾದದ್ದಕ್ಕೆ ಲೆಕ್ಕ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 330 ಕ್ಯಾಲೊರಿ. ಕುಡಿಯುವಷ್ಟು ತೆಳ್ಳಗಿನ 100 ಮಿ.ಲೀ. ಗಂಜಿಗೆ 6 ಗ್ರಾಂ ಹಿಟ್ಟು ಎಂದಿಟ್ಟುಕೊಂಡರೆ ಕೂಸಿಗೆ ಸಿಗುವುದು 20 ಕ್ಯಾಲೊರಿ. ಅಷ್ಟೇ ತಾಯಿಹಾಲಿನಲ್ಲಿ 65ಕ್ಕೂ ಹೆಚ್ಚು. ಹಿಟ್ಟು ಹೆಚ್ಚಿಸಿದರೆ ಗಂಜಿ ಮುದ್ದೆಗಟ್ಟುತ್ತದೆ, ಬಾಯಿ ರುಚಿ ಕೆಟ್ಟ ಕೂಸು ಉಗುಳುತ್ತದೆ. ಈ ಗಂಟು ಬಿಚ್ಚುವ ಉಪಾಯ ಅಡುಗೆಮನೆಯಲ್ಲೇ ಇತ್ತು. ರಾಗಿಯನ್ನು ರಾತ್ರಿ ನೆನೆಹಾಕಿ, ಬಸಿದು, ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ಬಿಳಿ ಮೊಳಕೆ ನೂಲಿನಂತೆ ಹೊರಬರುತ್ತದೆ. ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಹದವಾಗಿ ಹುರಿದು ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದರೆ ಸರಿ ಹಿಟ್ಟು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಪಿಷ್ಟವನ್ನು ಕತ್ತರಿಸುವುದರಿಂದ, ಎರಡು ಮೂರು ಪಟ್ಟು ಹಿಟ್ಟು ಹಾಕಿದರೂ ಗಂಜಿ ಹರಿಯುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ 1982ರಲ್ಲಿ ಮೊಳಕೆ ರಾಗಿ, ಹೆಸರುಕಾಳುಗಳ ಶಿಶು ಆಹಾರವನ್ನು ರೂಪಿಸಿದ್ದು ಈ ಗುಣವನ್ನೇ ಹಿಡಿದು. ದುರದೃಷ್ಟವೆಂದರೆ ಮನೆಗಳಲ್ಲಿ ಸರಿ ಹಿಟ್ಟು ಗಟ್ಟಿಮುಟ್ಟಾದ ಕೂಸಿನ ಆಹಾರ. ಹೊಟ್ಟೆ ಕೆಟ್ಟ ದಿನ ರಾಗಿ ‘ಭಾರ’ವೆಂದು ಡಬ್ಬಿಯ ಮುಚ್ಚಳ ಹಾಕುತ್ತಿದ್ದರು.

ಈ ವಾದಕ್ಕೆ ಆಕ್ಷೇಪಗಳು ಬರುವುದು ಸಹಜ. ಬುಕಾನನ್, ನಿಕಲ್ಸನ್ ಹೊಲಗಳನ್ನು ಕಂಡರೇ ಹೊರತು ತೊಟ್ಟಿಲ ಬದಿಯ ಬಟ್ಟಲನ್ನಲ್ಲ. ಬೆಳೆಯಿಂದ ಕೂಸಿನ ಊಟವನ್ನು ಊಹಿಸುವುದು ಸರಿಯೇ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಆ ದಾಖಲೆಗಳಿಂದ ನಾನು ಪಡೆಯುವುದು ಯಾವ ಧಾನ್ಯ ಕೈಗೆಟುಕುತ್ತಿತ್ತು ಎಂಬುದನ್ನು ಮಾತ್ರ. ತಿಳಿಯ ಪದ್ಧತಿಗೆ ಸಾಕ್ಷಿ ಇಂದಿಗೂ ನಡೆಯುತ್ತಿರುವ ಪಥ್ಯವೇ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಬೇಧಿಯಲ್ಲಿ ಕೊಲ್ಲುವುದು ನೀರಿನ ನಷ್ಟ, ಅದನ್ನು ಓಆರ್‌ಎಸ್ ತಡೆದ ಮೇಲೆ ಗಂಜಿಯ ಚರ್ಚೆ ಏಕೆ? ನೀರಿನ ನಷ್ಟ ಗಂಟೆಗಳಲ್ಲಿ ಕೊಲ್ಲುತ್ತದೆ, ನಿಜ. ಆದರೆ ಪದೇ ಪದೇ ಬೇಧಿಯಾಗಿ ಪ್ರತಿಸಲವೂ ತೂಕ ಕಳೆದುಕೊಳ್ಳುವ ಮಗು ಮುಂದಿನ ಸೋಂಕಿಗೆ ಸುಲಭದ ತುತ್ತು. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಲ್ಲಿ ಓಆರ್‌ಎಸ್, 10ರಿಂದ 14 ದಿನದ ಸತುವಿನ ಜೊತೆಗೆ ಎದೆಹಾಲು ನಿಲ್ಲಿಸಬಾರದು, ಮೇಲೂಟ ಆರಂಭಿಸಿದ ಮಗುವಿಗೆ ಊಟ ಮುಂದುವರಿಸಬೇಕು, ಬೇಧಿ ನಿಂತ ಮೇಲೂ ಎರಡು ವಾರ ದಿನಕ್ಕೊಂದು ಹೆಚ್ಚಿನ ಊಟ ಕೊಡಬೇಕು ಎಂಬ ಮಾತೂ ಇದೆ. ಆರು ತಿಂಗಳೊಳಗಿನ ಕೂಸಿಗಂತೂ ಯಾವ ಗಂಜಿಯೂ ಸಲ್ಲ. ಮೊಳಕೆ ಕಟ್ಟುವ ಬಟ್ಟೆ, ನೀರು ಶುದ್ಧವಿರದಿದ್ದರೆ ಸರಿ ಹಿಟ್ಟೇ ಬೇಧಿ ತರಬಹುದು ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಚೆನ್ನಾಗಿ ಕುದಿಸಿ ಆಗಿಂದಾಗಲೇ ಉಣಿಸುವುದೊಂದೇ ಅದಕ್ಕೆ ಪರಿಹಾರ.

ಪೊಟ್ಟಣದಲ್ಲಿ ಬಂದ ಉಪ್ಪುಸಕ್ಕರೆ ಮನೆ ಹೊಕ್ಕಿತು, ಗಟ್ಟಿ ಗಂಜಿ ಹೊಗಲಿಲ್ಲ. ಕೊಯಮತ್ತೂರಿನಲ್ಲಿ ಇದಕ್ಕೆ ಪ್ರಯತ್ನ ನಡೆಯದೆ ಇರಲಿಲ್ಲ. 1957ರಲ್ಲಿ ಆರಂಭವಾದ ಅವಿನಾಶಿಲಿಂಗಂ ಗೃಹವಿಜ್ಞಾನ ಕಾಲೇಜಿನಲ್ಲಿ ರಾಜಮ್ಮಾಳ್ ದೇವದಾಸ್ ಮತ್ತು ಅವರ ಸಹೋದ್ಯೋಗಿಗಳು ಹುರಿದ ಧಾನ್ಯ, ಹೆಸರುಕಾಳು, ಕಡಲೆಕಾಯಿ, ಬೆಲ್ಲಗಳಿಂದ ‘ಕುೞಂದೈ ಅಮುದು’ ಎಂಬ ಅಗ್ಗದ ಶಿಶು ಆಹಾರವನ್ನು ರೂಪಿಸಿದರು. ತಮಿಳುನಾಡಿನ ಅಂಗನವಾಡಿಗಳು ಹಂಚುವ ಸತ್ತುಮಾವು ಎಂಬ ಪೌಷ್ಟಿಕ ಹಿಟ್ಟಿನಲ್ಲಿ ಇಂದು ಮೊಳಕೆ ರಾಗಿಯೂ ಸೇರಿದೆ. ಆದರೆ ತೆಳುಗಂಜಿಗೆ ಒಂದು ಅನುಕೂಲವಿದೆ: ಯಾರು ಬೇಕಾದರೂ ಕುಡಿಸಿಬಿಡಬಹುದು. ಗಟ್ಟಿಯಾದದ್ದನ್ನು ಸೊರಗಿದ ಕೂಸಿಗೆ ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಆರೇಳು ಸಲ ರಮಿಸಿ ಉಣಿಸಲು ಒಬ್ಬರು ಕೂತಿರಬೇಕು. ಆ ಹೊತ್ತು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ದುಡಿಯುವ ತಾಯಿಯ ಬಳಿ ಇಲ್ಲ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 48ನೇ ಕಲಮು ಶಿಶುಪಾಲನಾ ಕೋಣೆಯನ್ನು ಕಡ್ಡಾಯ ಮಾಡಿತ್ತು, ನಡುನಡುವೆ ಮಗುವಿಗೆ ಉಣಿಸಲು ತಾಯಿಗೆ ಬಿಡುವು ಕೊಡಿಸುವ ನಿಯಮಕ್ಕೂ ಅವಕಾಶ ಇಟ್ಟಿತ್ತು. ಆದರೆ ಅದು ಅನ್ವಯಿಸುತ್ತಿದ್ದದ್ದು 30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಗೆ. ತಿರುಪ್ಪೂರಿನ ಎಷ್ಟೋ ಹೊಲಿಗೆ ಘಟಕಗಳು ಅದಕ್ಕಿಂತ ಚಿಕ್ಕವು.