ಪುಣಿಸನ ಶಾಸನವೂ ಉದಕಮಂಡಲದ ಪೂರ್ವಚರಿತ್ರೆಯೂ

ಉದಕಮಂಡಲದ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಅದನ್ನು 1819ರಲ್ಲಿ, ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ನನು ನೀಲಗಿರಿ ಬೆಟ್ಟವನ್ನೇರಿದಂದಿನಿಂದ ಆರಂಭಿಸಿ, ಅವನನ್ನು ಆ ಸೀಮೆಯ ಶೋಧಕನೆಂದು ಕೊಂಡಾಡುವುದು ರೂಢಿ. ಇದಕ್ಕೆ ಪ್ರತಿಯಾಗಿ ನಮ್ಮವರೇ ಆದ ಕೆಲವರು, ನಾಡಿನ ಅಭಿಮಾನದ ಭರದಲ್ಲಿ, ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನವನ್ನು ಮುಂದೊಡ್ಡಿ, ಇಂದಿನ ಊಟಿಯು ಹೊಯ್ಸಳರು ಆಳಿದ ಪಟ್ಟಣವೆಂದೇ ಸಾಧಿಸಹೊರಟಿರುವರು. ಮೊದಲಿನವರು ಶಾಸನದ ಕಡೆಗೆ ತಿರುಗಿಯೇ ನೋಡಲಿಲ್ಲ. ಎರಡನೆಯವರು ನೋಡಿದರು, ಆದರೆ ಒಂದೇ ಸಾಲಿನಲ್ಲಿ ನಿಂತುಬಿಟ್ಟರು.

ಶಾಸನತಜ್ಞ ರೈಸ್ ಮಹಾಶಯರು ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದ ಈ ಶಾಸನವು ಹೊಯ್ಸಳ ದೊರೆ ವಿಷ್ಣುವರ್ಧನನ ಸಂಧಿವಿಗ್ರಹಿಯೂ ದಂಡನಾಯಕನೂ ಆದ ಪುಣಿಸನ ಪ್ರಶಸ್ತಿ. ಅವನು ತೋಡರನ್ನು ಬೆದರಿಸಿದನೆಂದೂ, ಕೊಂಗರನ್ನು ನೆಲದೊಳಕ್ಕೆ ಅಟ್ಟಿದನೆಂದೂ, ಪೊಲುವರನ್ನೂ ಮಲೆಯಾಳರನ್ನೂ ಸಂಹರಿಸಿದನೆಂದೂ, ಕೊನೆಗೆ ನೀಲಾದ್ರಿಯ, ಎಂದರೆ ನೀಲಗಿರಿಯ, ಶಿಖರವನ್ನು ಜಯಲಕ್ಷ್ಮಿಗೆ ಅರ್ಪಿಸಿದನೆಂದೂ ಅದರ ಸಾರಾಂಶ. ಇಂತಹ ಸಾಲುಗಳು ಪ್ರಶಸ್ತಿಕಾರರ ಬಾಯಿಪಾಠವೆಂದು ತಳ್ಳಿಹಾಕುವವರುಂಟು; ಅವರ ಸಂಶಯ ಸಾಮಾನ್ಯವಾಗಿ ಆರೋಗ್ಯಕರವೇ ಆದರೂ ಇಲ್ಲಿ ಅದು ಸೋಮಾರಿತನದ ಇನ್ನೊಂದು ಹೆಸರು. ಕೊಂಗರಿಗೂ ಪೊಲುವರಿಗೂ ಮಲೆಯಾಳರಿಗೂ ಸೋಲು ಅಥವಾ ಸಾವನ್ನು ಹಂಚಿಕೊಟ್ಟ ಕವಿ, ತೋಡರ ಪಾಲಿಗೆ ಕೇವಲ ಭಯವನ್ನು ಏಕೆ ಇಟ್ಟನು? ರಕ್ತವನ್ನು ಹರಿಸುವುದಕ್ಕೆ ಪ್ರಶಸ್ತಿಕಾರನಿಗೆ ಏನೂ ಖರ್ಚಿಲ್ಲ. ತೋಡರಾದರೋ ಎಮ್ಮೆಗಳ ಹಿಂಡನ್ನೂ ಹಾಲುಮನೆಯ ಮಡಿಯನ್ನೂ ನಂಬಿ ಬಾಳುವ ಜನ. ಬಿಲ್ಲುಬಾಣಗಳು ಅವರಲ್ಲಿ ಬಸುರಿಯ ಸಂಸ್ಕಾರದಂತಹ ಶಾಸ್ತ್ರಗಳಿಗೆ ಮಾತ್ರ ಉಳಿದಿದ್ದುದನ್ನು ಮಾನವಶಾಸ್ತ್ರಜ್ಞ ರಿವರ್ಸ್ ತೋಡರನ್ನು ಕುರಿತ ತಮ್ಮ 1906ರ ಗ್ರಂಥದಲ್ಲಿ ವಿಸ್ತಾರವಾಗಿ ವರ್ಣಿಸಿದ್ದಾರೆ. ಇಪ್ಪತ್ತನೆಯ ಶತಮಾನದ ಆಚಾರವನ್ನು ಹನ್ನೆರಡನೆಯದಕ್ಕೆ ಹಾಗೆಯೇ ಆರೋಪಿಸುವುದು ಯುಕ್ತವಲ್ಲವೆಂಬ ಆಕ್ಷೇಪವನ್ನು ನಾನು ಒಪ್ಪುವೆನಾದರೂ, ಎದುರು ನಿಂತು ಕಾದದ ಜನವನ್ನು ಕೊಂದೆವೆನ್ನದೆ ಬೆದರಿಸಿದೆವೆಂದ ಶಾಸನದ ತಾರತಮ್ಯವು ಕಂಡು ಬಂದವರ ವರದಿಯ ಛಾಯೆಯನ್ನು ಹೊಂದಿದೆಯೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಆದರೆ ದಂಡಯಾತ್ರೆ ಬೇರೆ, ಆಳ್ವಿಕೆ ಬೇರೆ. ಅದೇ ಶಾಸನವು ಮುಂದುವರಿದು, ಕೆಟ್ಟುಹೋದ ವರ್ತಕನಿಗೂ, ಬಿತ್ತಲು ಬೀಜವಿಲ್ಲದ ಒಕ್ಕಲಿಗೂ, ಅಧಿಕಾರ ಕಳೆದುಕೊಂಡ ಕಿರಾತನಾಯಕನಿಗೂ ಪುಣಿಸನು ಕಳೆದುದನ್ನು ಕೊಡಿಸಿ ಪೊರೆದನೆಂದು ಹೇಳುತ್ತದೆ. ಗಂಗವಾಡಿಯ ಬಸದಿಗಳನ್ನು ಅಲಂಕರಿಸಿದುದನ್ನೂ ಎತ್ತಿಹೇಳುತ್ತದೆ. ಊಟಿಯ ಹೊಯ್ಸಳಪಟ್ಟಣವನ್ನು ಕಟ್ಟಿದ ನಮ್ಮ ಮಿತ್ರರು ಈ ಭಾಗವನ್ನು ಉದ್ಧರಿಸಿದುದನ್ನು ನಾನು ಕಾಣೆ. ಊರು, ಒಕ್ಕಲು, ದೇವಾಲಯ ಎಂಬ ರಾಜ್ಯಭಾರದ ಕುರುಹುಗಳೆಲ್ಲ ಬಯಲಿಗೇ ಸಂದಿರುವಾಗ, ಬೆಟ್ಟಕ್ಕೆ ದೊರೆತುದು ಜಯಲಕ್ಷ್ಮಿಯ ಹೆಸರಿನಲ್ಲಿ ಒಂದು ಶಿಖರಾರ್ಪಣೆ ಮಾತ್ರ. ಆ ಶಿಖರ ದೊಡ್ಡಬೆಟ್ಟವೇ ಆಗಿರಬೇಕೆಂಬ ಹಟವೂ ನಿರಾಧಾರ: ಮೋಯಾರ್ ಕಂದರದ ಆಚೆಯಿಂದ ಬರುವ ಸೈನ್ಯಕ್ಕೆ ಮೊದಲು ಎದುರಾಗುವುದು ಪ್ರಸ್ಥಭೂಮಿಯ ಉತ್ತರದ ಅಂಚು, 2,637 ಮೀಟರಿನ ಒಳನಾಡ ಶಿಖರವಲ್ಲ. ಮೇಲಾಗಿ ಹದಿನಾಲ್ಕನೆಯ ಶತಮಾನದಲ್ಲಿ ಹೊಯ್ಸಳರ ಅಧಿಕಾರಿಯೇ ಆದ ತೆರಕಣಾಂಬಿಯ ಮಾಧವ ದಣ್ಣಾಯಕನು ನೀಲಗಿರಿಯನ್ನು ಗೆದ್ದವನೆಂಬ ಬಿರುದನ್ನು ಮತ್ತೆ ಧರಿಸಿದನು. ಪುಣಿಸನ ಕಾಲದಿಂದಲೂ ಕೈವಶದಲ್ಲಿದ್ದ ನೆಲವನ್ನು ಗೆಲ್ಲುವುದೆಂತು?

ಸಲಿವನ್ನನ ಭಕ್ತರಿಗೂ ಒಂದು ಮಾತು ಉಳಿದಿದೆ. 1603ರಲ್ಲಿಯೇ ಫೆನಿಚಿಯೊ ಎಂಬ ಜೆಸ್ಯುಯಿಟ್ ಪಾದ್ರಿಯು ಮಲಬಾರಿನ ಕಡೆಯಿಂದ ಬೆಟ್ಟವನ್ನೇರಿ ತೋಡರನ್ನೂ, ಕನ್ನಡದ ಒಡಲಿನಿಂದಲೇ ಬೆಳೆದ ನುಡಿಯನ್ನಾಡುವ ಬಡಗರನ್ನೂ ಕಂಡುಹೋಗಿದ್ದನು. 1812ರಲ್ಲಿ ಕೀಸ್ ಎಂಬ ಸರ್ವೆಯವನು ಬಂದಿದ್ದನು. ಸಲಿವನ್ನನ ಹಿರಿಮೆ ಬೇರೆಡೆಯಲ್ಲಿದೆ. ಅವನು 1822ರಲ್ಲಿ ಕಲ್ಲಿನ ಬಂಗಲೆಯನ್ನು ಕಟ್ಟಲಾರಂಭಿಸಿದುದನ್ನೂ, ಇಂದು ರಜೆ ಬಂದೊಡನೆ ಜನ ದೋಣಿಗಾಗಿ ಸಾಲು ನಿಲ್ಲುವ ಆ ಕೆರೆಗೆ ಕಟ್ಟೆ ಹಾಕಿಸಿದುದನ್ನೂ ಎಲ್ಲರೂ ಬರೆಯುತ್ತಾರೆ. ಆ ನೆಲದ ಪೂರ್ಣ ಸ್ವಾಮ್ಯ ತೋಡರದೇ ಎಂದು ತನ್ನ ಸರ್ಕಾರದೊಡನೆಯೇ ಅವನು ವಾದಿಸಿದುದನ್ನು ಮಾತ್ರ, ಅವನನ್ನು ಶೋಧಕನೆಂದು ಹೊಗಳುವವರು ಅಡಿಟಿಪ್ಪಣಿಗೆ ಇಳಿಸಿಬಿಡುತ್ತಾರೆ.